ಎಳೆಯ ಮನಸ್ಸಿನ ಕಂಪನವನ್ನು ಅಳೆಯುವುದು ಹೇಗೆ?

ಭೂಕಂಪವೊಂದು ಸಂಭವಿಸಿದ ಕೆಲವೇ ನಿಮಿಷಗಳಲ್ಲಿ ಅದರ ಬಲವೆಷ್ಟು, ಕೇಂದ್ರ ಎಲ್ಲಿ ಎಂಬುದನ್ನು ಸಾವಿರಾರು ಮೈಲಿ ದೂರದ ಭೂಕಂಪಮಾಪಕಗಳು ಹೇಳಿಬಿಡುತ್ತವೆ. ಹೊಳೆಯಲ್ಲಿ ನೆರೆ ಎಷ್ಟು ಅಡಿ ಏರಿತೆಂಬುದನ್ನು ಸೇತುವೆಯ ಕಂಬದ ಮೇಲಣ ಗೆರೆಗಳು ತೋರಿಸುತ್ತವೆ. ಬಿರುಗಾಳಿಯ ವೇಗಕ್ಕೂ ಮಾಪಕವುಂಟು. ವಿಪತ್ತು ಕಳೆದ ಮೇಲೆ ಅಧಿಕಾರಿಗಳು ಬಂದು ಬಿದ್ದ ಮನೆಗಳನ್ನೂ ಸತ್ತ ದನಕರುಗಳನ್ನೂ ಮುಳುಗಿದ ಗದ್ದೆಗಳನ್ನೂ ಎಣಿಸಿ ಪಟ್ಟಿ ಮಾಡುತ್ತಾರೆ; ಆ ಪಟ್ಟಿಯಂತೆ ಪರಿಹಾರವೂ ಹಂಚಿಕೆಯಾಗುತ್ತದೆ. ಆದರೆ ಬಿದ್ದ ಮನೆಯ ಮುಂದೆ ತಾಯಿಯ ಸೆರಗು ಹಿಡಿದು ಮಾತಿಲ್ಲದೆ ನಿಂತಿರುವ ಹತ್ತು ವರ್ಷದ ಬಾಲಕನ ಮನಸ್ಸಿನಲ್ಲಿ ಏನು ಬಿದ್ದಿದೆ, ಎಷ್ಟು ಬಿದ್ದಿದೆ ಎಂಬುದನ್ನು ಯಾವ ಪಟ್ಟಿಯಲ್ಲಿ ಬರೆದುಕೊಳ್ಳಬೇಕು?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಲೆಕ್ಕಕ್ಕೆ ಬಾರದ ನಷ್ಟಕ್ಕೆ ಪರಿಹಾರವೂ ದೊರೆಯುವುದಿಲ್ಲ. ಅಳುವ ಮಗುವನ್ನು ಯಾರಾದರೂ ಎತ್ತಿಕೊಳ್ಳುತ್ತಾರೆ. ಅಳದೆ ಸುಮ್ಮನಿರುವ ಮಗುವನ್ನು "ಪಾಪ, ಜಾಣ, ಹಟ ಮಾಡುವುದಿಲ್ಲ" ಎಂದು ಹೊಗಳಿ ಮುಂದೆ ಹೋಗುತ್ತೇವೆ. ಈ ಎರಡನೆಯ ಮಗುವನ್ನು ಗುರುತಿಸುವ ಉಪಾಯವನ್ನು ಮನಶ್ಶಾಸ್ತ್ರಜ್ಞರು ಸುಮಾರು ಎಪ್ಪತ್ತು ವರ್ಷಗಳಿಂದ ಹುಡುಕುತ್ತ ಬಂದಿದ್ದಾರೆ. ಅವರು ಎಲ್ಲಿ ಎಡವಿದರು, ಏನು ಕಲಿತರು ಎಂಬುದನ್ನು ಇಲ್ಲಿ ನೋಡೋಣ.

ಮೊದಲ ಪ್ರಯತ್ನ

೧೯೫೩ರ ಡಿಸೆಂಬರ್ ೫ರಂದು, ಶನಿವಾರ, ಅಮೆರಿಕದ ಮಿಸಿಸಿಪಿ ಸಂಸ್ಥಾನದ ವಿಕ್ಸ್‌ಬರ್ಗ್ ಪಟ್ಟಣದ ಮೇಲೆ ಸುಂಟರಗಾಳಿ ಎರಗಿತು. ಅಂದು ಆ ಊರಿನ ಚಿತ್ರಮಂದಿರದಲ್ಲಿ ಅನೇಕ ಮಕ್ಕಳು ಚಿತ್ರ ನೋಡುತ್ತ ಕುಳಿತಿದ್ದರು. ಗಾಳಿಯ ಹೊಡೆತಕ್ಕೆ ಮಂದಿರ ಕುಸಿಯಿತು. ಊರಿನಲ್ಲಿ ಒಟ್ಟು ೩೮ ಜನ ಮಡಿದರು. ಕೆಲವು ದಿನಗಳಲ್ಲಿಯೇ ಸಂಶೋಧಕರು ಅಲ್ಲಿಗೆ ತೆರಳಿ, ಮಕ್ಕಳು ಹೇಗಿದ್ದಾರೆಂದು ತಂದೆ ತಾಯಿಗಳನ್ನು ವಿಚಾರಿಸಿದರು. ವಿಪತ್ತಿಗೆ ಸಿಕ್ಕಿದ ಮಕ್ಕಳ ಮನಸ್ಥಿತಿಯನ್ನು ಕ್ರಮಬದ್ಧವಾಗಿ ತಿಳಿಯಲು ನಡೆದ ಮೊದಮೊದಲ ಯತ್ನಗಳಲ್ಲಿ ಇದೂ ಒಂದು.

ಅವರು ಕಂಡುಕೊಂಡ ಸಂಗತಿಗಳು ಇಂದಿಗೂ ನಿಂತಿವೆ. ಗಾಳಿ ಹಾದುಹೋದ ಭಾಗದಲ್ಲಿದ್ದ ಮಕ್ಕಳಲ್ಲಿಯೂ, ಮನೆಯವರು ಗಾಯಗೊಂಡ ಅಥವಾ ಸತ್ತ ಮಕ್ಕಳಲ್ಲಿಯೂ ತಳಮಳ ಹೆಚ್ಚು. ಹಿರಿಯರು ಹೇಗೆ ನಡೆದುಕೊಂಡರೋ ಅದರ ನೆರಳು ಮಕ್ಕಳ ಮೇಲೂ ಬಿದ್ದಿತ್ತು. ಕೆಲವು ಮಕ್ಕಳು ಸುಂಟರಗಾಳಿಯನ್ನೇ ಆಟವಾಗಿ ಮತ್ತೆ ಮತ್ತೆ ಆಡುತ್ತಿದ್ದರು. ಆದರೆ ಒಂದು ಕೊರತೆ ಉಳಿಯಿತು. ಮಗುವಿನ ಮನಸ್ಸನ್ನು ಕುರಿತು ಕೇಳಿದುದು ಮಗುವನ್ನಲ್ಲ, ತಾಯಿಯನ್ನು. ಆಕೆಯೂ ಅದೇ ಗಾಳಿಗೆ ಸಿಕ್ಕಿ ತತ್ತರಿಸಿದವಳು. ತಾನೇ ಅಲುಗುತ್ತಿರುವ ತಕ್ಕಡಿಯಲ್ಲಿ ತೂಗಿದರೆ ತೂಕ ಸರಿ ಬರುವುದುಂಟೆ?

ಪ್ರಶ್ನೆಯೇ ಮಾಪಕ

ಮಗುವನ್ನೇ ಕೇಳಬಹುದಲ್ಲ, ಎಂದು ವಾಚಕರು ಹೇಳಬಹುದು. ಆದರೆ "ನಿನಗೆ ದುಃಖವಾಗಿದೆಯೆ?" ಎಂದು ಕೇಳಿದರೆ ಒಂದು ಮಗು ಹೌದೆನ್ನುತ್ತದೆ, ಇನ್ನೊಂದು ತಲೆ ತಗ್ಗಿಸುತ್ತದೆ. ಈ ಎರಡು ಉತ್ತರಗಳನ್ನು ಹೋಲಿಸಲು ಬರುವುದಿಲ್ಲ. ಮಾಪನವೆನಿಸಬೇಕಾದರೆ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಬೇಕು, ಉತ್ತರಗಳಿಗೆ ಒಂದೇ ರೀತಿಯ ಅಂಕ ಕೊಡಬೇಕು, ಇಂದು ಕೇಳಿದರೂ ನಾಲ್ಕು ದಿನ ಬಿಟ್ಟು ಕೇಳಿದರೂ ಅಂಕ ಹೆಚ್ಚು ಕಡಮೆಯಾಗಬಾರದು.

೧೯೭೯ರಲ್ಲಿ ಅಮೆರಿಕದ ಮನೋವೈದ್ಯ ಮಾರ್ಡಿ ಹೊರೊವಿಟ್ಜ್ ಮತ್ತು ಸಂಗಡಿಗರು ವಯಸ್ಕರಿಗಾಗಿ ೧೫ ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಅದರಿಂದ ಆರಿಸಿ ಮುಂದೆ ಮಕ್ಕಳಿಗೆ ಒಗ್ಗುವ ಎಂಟು ಪ್ರಶ್ನೆಗಳ ಪಟ್ಟಿಯೊಂದು ಸಿದ್ಧವಾಯಿತು. ನಾಲ್ಕು ಪ್ರಶ್ನೆಗಳು, ಬೇಡವೆಂದರೂ ನುಗ್ಗಿ ಬರುವ ನೆನಪು ಮತ್ತು ಚಿತ್ರಗಳನ್ನು ಕುರಿತವು. ಉಳಿದ ನಾಲ್ಕು, ಆ ನೆನಪಿನಿಂದ ತಪ್ಪಿಸಿಕೊಳ್ಳುವ ಯತ್ನವನ್ನು ಕುರಿತವು: ಆ ಮಾತೆತ್ತದಿರುವುದು, ಆ ಸ್ಥಳಕ್ಕೆ ಹೋಗದಿರುವುದು ಮೊದಲಾದುವು. ಕಳೆದ ಏಳು ದಿನಗಳಲ್ಲಿ ಹೀಗೆ ಎಷ್ಟು ಬಾರಿ ಆಯಿತೆಂದು ಮಗು ಹೇಳಬೇಕು. ಇಲ್ಲವೇ ಇಲ್ಲವೆಂದರೆ ಸೊನ್ನೆ, ಅಪರೂಪಕ್ಕೆ ಎಂದರೆ ೧, ಕೆಲವು ಸಲವೆಂದರೆ ೩, ಪದೇ ಪದೇ ಎಂದರೆ ೫ ಅಂಕ. ಹೀಗೆ ಒಟ್ಟು ಅಂಕ ಸೊನ್ನೆಯಿಂದ ೪೦ರ ವರೆಗೆ ಇರಬಹುದು. ೧೭ ಅಥವಾ ಅದಕ್ಕೂ ಮೇಲ್ಪಟ್ಟು ಬಂದ ಮಗುವನ್ನು ತಜ್ಞರು ವಿವರವಾಗಿ ಪರೀಕ್ಷಿಸಬೇಕೆಂದು ವಾಡಿಕೆ.

ಪ್ರಶ್ನೆಗಳನ್ನು ಹೀಗೆ ಆರಿಸಿದುದಕ್ಕೆ ಕಾರಣವುಂಟು. ಭಯಂಕರ ಅನುಭವವೊಂದು ಮಾಮೂಲು ನೆನಪಿನಂತೆ ಹಳತಾಗಿ ಮಾಸದೆ, ಈಗಲೇ ನಡೆಯುತ್ತಿದೆಯೋ ಎಂಬಂತೆ ಮರುಕಳಿಸುತ್ತದೆ. ಮನಸ್ಸು ಅದರಿಂದ ಓಡಲು ಯತ್ನಿಸುತ್ತದೆ; ದೇಹ ಸದಾ ಎಚ್ಚರದಲ್ಲಿದ್ದು ಬಾಗಿಲು ಬಡಿದರೂ ಬೆಚ್ಚುತ್ತದೆ. ಈ ಲಕ್ಷಣಗಳು ತಿಂಗಳಿಗೂ ಹೆಚ್ಚು ಕಾಲ ಉಳಿದು, ಓದು, ನಿದ್ದೆ, ಆಟಗಳಿಗೆ ಅಡ್ಡಿಯಾದಾಗ ಅದನ್ನು ಆಘಾತೋತ್ತರ ಒತ್ತಡದ ಬೇನೆ ಎನ್ನುತ್ತಾರೆ. ೧೯೮೦ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ರೋಗಪಟ್ಟಿಯಲ್ಲಿ ಇದು ಸೇರಿತು. ಮೊದಲ ತಿಂಗಳ ಭಯವಾದರೋ ರೋಗವಲ್ಲ. ಹೆದರಬೇಕಾದ ಸಂದರ್ಭದಲ್ಲಿ ಹೆದರುವುದು ಆರೋಗ್ಯದ ಲಕ್ಷಣವೇ ಸರಿ.

ಜರಡಿಯೇ ಹೊರತು ತಕ್ಕಡಿಯಲ್ಲ

ಇಂತಹ ಪ್ರಶ್ನಾವಳಿ ರೋಗವನ್ನು ನಿರ್ಣಯಿಸುವುದಿಲ್ಲ. ಅದು ಕೇವಲ ಜರಡಿ. ಇದನ್ನು ಮರೆತರೆ ಎಂತಹ ತಪ್ಪಾಗುವುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು.

ಒಂದು ಊರಿನಲ್ಲಿ ೧,೦೦೦ ಮಕ್ಕಳಿದ್ದಾರೆಂದೂ, ಅವರಲ್ಲಿ ೨೦೦ ಮಕ್ಕಳು ನಿಜವಾಗಿಯೂ ಬೇನೆಗೆ ಒಳಗಾಗಿದ್ದಾರೆಂದೂ ಊಹಿಸೋಣ. ನಮ್ಮ ಜರಡಿ ಬೇನೆಯುಳ್ಳ ನೂರರಲ್ಲಿ ೮೦ ಮಕ್ಕಳನ್ನು ಹಿಡಿಯುತ್ತದೆ. ಬೇನೆಯಿಲ್ಲದ ನೂರರಲ್ಲಿ ೨೦ ಮಕ್ಕಳನ್ನು ತಪ್ಪಾಗಿ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ೨೦೦ರಲ್ಲಿ ೧೬೦, ಉಳಿದ ೮೦೦ರಲ್ಲಿಯೂ ೧೬೦, ಅಂತೂ ೩೨೦ ಮಕ್ಕಳು ಜರಡಿಯಲ್ಲಿ ಉಳಿಯುತ್ತಾರೆ. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಬೇನೆಯೇ ಇಲ್ಲ! ಇದೇ ಜರಡಿಯನ್ನು, ಬರಿಯ ೫೦ ಮಕ್ಕಳು ಬೇನೆಗೊಳಗಾದ ಅಷ್ಟೇ ದೊಡ್ಡ ಇನ್ನೊಂದು ಊರಿಗೆ ಒಯ್ದರೆ, ಸರಿಯಾಗಿ ಸಿಕ್ಕವರು ೪೦, ತಪ್ಪಾಗಿ ಸಿಕ್ಕವರು ೧೯೦. ಎರಡನೆಯ ಊರಿನಲ್ಲಿ ನೂರಕ್ಕೆ ೨೩ ಮಕ್ಕಳು ರೋಗಿಗಳೆಂದು ವರದಿ ಮಾಡಿದರೆ ಅದು ಸುಳ್ಳಾಗುತ್ತದೆ.

ಆದುದರಿಂದ ವಿಪತ್ತಿನ ನಂತರ "ಇಷ್ಟು ಪಾಲು ಮಕ್ಕಳಿಗೆ ಮಾನಸಿಕ ಆಘಾತ" ಎಂಬ ಸುದ್ದಿಯನ್ನು ಓದಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಜರಡಿ ಹಿಡಿದು ನಿಲ್ಲಿಸಿದರೋ, ಅಥವಾ ಒಬ್ಬೊಬ್ಬರನ್ನೂ ಕುಳ್ಳಿರಿಸಿ ಪರೀಕ್ಷಿಸಿದರೋ? ಜರಡಿಯನ್ನು ಬಿಸಾಡಬೇಕೆಂದು ಇದರ ಅರ್ಥವಲ್ಲ. ಸಾವಿರ ಮಕ್ಕಳನ್ನು ಪರೀಕ್ಷಿಸಲು ಸಾಲದ ಇಬ್ಬರು ವೈದ್ಯರು ೩೨೦ ಮಕ್ಕಳನ್ನು ಪರೀಕ್ಷಿಸಬಲ್ಲರು.

ಮೂರು ಊರುಗಳ ಸಾಕ್ಷ್ಯ

ಜರಡಿ ಹಿಡಿದುದು ನಿಜವಾಗಿ ವಿಪತ್ತಿನ ಪರಿಣಾಮವನ್ನೇ ಎಂದು ಹೇಳುವುದು ಹೇಗೆ? ಎಲ್ಲ ಊರುಗಳಲ್ಲಿಯೂ ಅಂಜುಬುರುಕ ಮಕ್ಕಳು ಇರುತ್ತಾರಷ್ಟೆ. ಔಷಧಿಯ ಪ್ರಮಾಣ ಹೆಚ್ಚಿದಂತೆ ಪರಿಣಾಮವೂ ಹೆಚ್ಚಿದರೆ ಔಷಧಿಯೇ ಕಾರಣವೆಂದು ವೈದ್ಯರು ಊಹಿಸುತ್ತಾರೆ. ಆ ತರ್ಕವನ್ನೇ ಭೂಕಂಪಕ್ಕೆ ಅನ್ವಯಿಸುವ ಸಂದರ್ಭ ಆರ್ಮೇನಿಯದಲ್ಲಿ ಒದಗಿತು.

೧೯೮೮ರ ಡಿಸೆಂಬರ್ ೭ರಂದು ಬೆಳಿಗ್ಗೆ ೧೧ ಗಂಟೆ ೪೧ ನಿಮಿಷಕ್ಕೆ, ಶಾಲೆಗಳು ನಡೆಯುತ್ತಿದ್ದ ಹೊತ್ತಿನಲ್ಲಿ, ಅಂದು ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಆರ್ಮೇನಿಯದ ಉತ್ತರ ಭಾಗ ೬.೮ರ ಪ್ರಮಾಣದಲ್ಲಿ ಕಂಪಿಸಿತು. ಸುಮಾರು ೨೫,೦೦೦ ಜನ ಮಡಿದರು. ಕೇಂದ್ರದ ಬಳಿಯಿದ್ದ ಸ್ಪಿಟಾಕ್ ಪಟ್ಟಣ ನೆಲಸಮವಾಯಿತು. ಅಲ್ಲಿಂದ ಸುಮಾರು ೩೫ ಕಿಲೋಮೀಟರು ಪಶ್ಚಿಮಕ್ಕಿರುವ, ಅಂದು ಲೆನಿನಕನ್ ಎಂದು ಕರೆಯುತ್ತಿದ್ದ ಗ್ಯೂಮ್ರಿ ನಗರದಲ್ಲಿ ಅಪಾರ ಹಾನಿಯಾಯಿತು. ಸುಮಾರು ೭೫ ಕಿಲೋಮೀಟರು ದಕ್ಷಿಣದ ರಾಜಧಾನಿ ಯೆರೆವಾನ್ ನಗರ ಅಲುಗಿದರೂ ಉಳಿಯಿತು.

ಒಂದೂವರೆ ವರ್ಷದ ಮೇಲೆ ರಾಬರ್ಟ್ ಪೈನೂಸ್, ಆರ್ಮೆನ್ ಗೋಯೆಂಜಿಯನ್ ಮತ್ತು ಅವರ ಸಹೋದ್ಯೋಗಿಗಳು ಈ ಮೂರೂ ಊರುಗಳ ಒಟ್ಟು ೨೩೧ ಮಕ್ಕಳನ್ನು ಪ್ರಶ್ನಿಸಿದರು. ಅವರು ಬಳಸಿದುದು ೨೦ ಪ್ರಶ್ನೆಗಳ ಬೇರೊಂದು ಪಟ್ಟಿ. ಉತ್ತರಗಳನ್ನು ಕೂಡಿಸಿ ನೋಡಿದಾಗ ಅಂಕಗಳು ಭೂಪಟವನ್ನೇ ಅನುಸರಿಸಿದ್ದುವು: ಸ್ಪಿಟಾಕ್‌ನಲ್ಲಿ ಅತಿ ಹೆಚ್ಚು, ಗ್ಯೂಮ್ರಿಯಲ್ಲಿ ಅದರ ನಂತರ, ಯೆರೆವಾನ್‌ನಲ್ಲಿ ಎಲ್ಲಕ್ಕಿಂತ ಕಡಮೆ. ಮಕ್ಕಳ ಅಂಕಗಳನ್ನಷ್ಟೇ ನೋಡಿದರೂ ಭೂಕಂಪದ ಕೇಂದ್ರ ಯಾವ ಕಡೆಗಿತ್ತೆಂದು ಊಹಿಸಬಹುದಾಗಿತ್ತು.

ಇನ್ನೊಂದು ಸೂಕ್ಷ್ಮವೂ ಹೊರಬಿತ್ತು. ಭಯ ಬೇರೆ, ಶೋಕ ಬೇರೆ. ತಾನು ಸಾಯುವೆನೆಂಬ ಅನುಭವ ನುಗ್ಗಿ ಬರುವ ನೆನಪನ್ನೂ ಬೆಚ್ಚುವಿಕೆಯನ್ನೂ ಉಂಟುಮಾಡಿದರೆ, ಹೆತ್ತವರನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡ ಮಕ್ಕಳಲ್ಲಿ ಖಿನ್ನತೆ ಮೇಲುಗೈಯಾಗಿತ್ತು. ಒಂದೇ ಪಟ್ಟಿಯಿಂದ ಎರಡನ್ನೂ ಅಳೆಯಲಾಗದು. ಭಯಕ್ಕೆ ಮದ್ದು ಕೊಟ್ಟು ಶೋಕವನ್ನು ಬಿಟ್ಟರೆ ಮಗು ಗುಣವಾಗದು.

ಒಂದು ಸಲ ಅಳೆದರೆ ಸಾಲದು

ಸ್ಥಳದಂತೆಯೇ ಕಾಲವೂ ಅಳತೆಯನ್ನು ಬದಲಾಯಿಸುತ್ತದೆ. ೧೯೮೩ರ ಫೆಬ್ರವರಿ ೧೬ರಂದು ಆಸ್ಟ್ರೇಲಿಯದ ಆಗ್ನೇಯ ಭಾಗದಲ್ಲಿ ಹಬ್ಬಿದ ಕಾಳ್ಗಿಚ್ಚು ೭೫ ಜನರನ್ನು ಆಹುತಿ ತೆಗೆದುಕೊಂಡಿತು. ದಕ್ಷಿಣ ಆಸ್ಟ್ರೇಲಿಯದಲ್ಲಿ ಬೆಂಕಿಗೆ ಸಿಕ್ಕಿದ ಪ್ರದೇಶದ ಸುಮಾರು ೮೦೦ ಶಾಲಾ ಮಕ್ಕಳನ್ನು ಅಲೆಕ್ಸಾಂಡರ್ ಮೆಕ್‌ಫರ್ಲೇನ್ ಮತ್ತು ಸಂಗಡಿಗರು ಎರಡು, ಎಂಟು ಮತ್ತು ಇಪ್ಪತ್ತಾರು ತಿಂಗಳ ಮೇಲೆ ಮೂರು ಸಲ ಪರಿಶೀಲಿಸಿದರು. ಹೋಲಿಕೆಗಾಗಿ ಬೆಂಕಿ ಮುಟ್ಟದ ಪ್ರದೇಶದ ಮಕ್ಕಳೂ ಇದ್ದರು.

ಎರಡನೆಯ ತಿಂಗಳಿನಲ್ಲಿ ತೊಂದರೆಯೇ ಇಲ್ಲವೇನೋ ಎಂಬಂತಿತ್ತು. ಎಂಟನೆಯ ತಿಂಗಳಿನ ಹೊತ್ತಿಗೆ ತೊಂದರೆಗೊಳಗಾದ ಮಕ್ಕಳ ಸಂಖ್ಯೆ ಏರಿತ್ತು; ಇಪ್ಪತ್ತಾರನೆಯ ತಿಂಗಳಿನಲ್ಲಿಯೂ ಅದು ಇಳಿದಿರಲಿಲ್ಲ. ಎರಡನೆಯ ತಿಂಗಳಿನಲ್ಲಿಯೇ ಸಮೀಕ್ಷೆಯನ್ನು ಮುಗಿಸಿ, "ಮಕ್ಕಳು ಕ್ಷೇಮ" ಎಂದು ಬರೆದಿದ್ದರೆ ಎಷ್ಟು ಮಕ್ಕಳು ನೆರವಿನಿಂದ ವಂಚಿತರಾಗುತ್ತಿದ್ದರೋ! ಬೆಂಕಿಯನ್ನು ಎಷ್ಟು ಹತ್ತಿರದಿಂದ ಕಂಡರೆಂಬುದಕ್ಕಿಂತಲೂ, ಮನೆಯಲ್ಲಿ ನೆಮ್ಮದಿ ಮರಳಿತೋ ಇಲ್ಲವೋ, ತಾಯಿಯ ಆತಂಕ ಇಳಿಯಿತೋ ಇಲ್ಲವೋ ಎಂಬುದು ಮಗುವಿನ ಸ್ಥಿತಿಯನ್ನು ಹೆಚ್ಚಾಗಿ ನಿರ್ಧರಿಸಿತ್ತು.

ಇದಕ್ಕೆ ವಿರುದ್ಧವಾದ ಚಿತ್ರವೊಂದು ಅಮೆರಿಕದ ಫ್ಲಾರಿಡದಿಂದ ಬಂದಿತು. ೧೯೯೨ರ ಆಗಸ್ಟ್ ೨೪ರಂದು ಅಲ್ಲಿಗೆ ಅಪ್ಪಳಿಸಿದ ಆಂಡ್ರೂ ಚಂಡಮಾರುತದ ನಂತರ ಆನೆಟ್ ಲಾ ಗ್ರೆಕಾ ಮತ್ತು ಸಂಗಡಿಗರು ೪೪೨ ಮಕ್ಕಳನ್ನು ಮೂರು, ಏಳು, ಹತ್ತು ತಿಂಗಳ ಮೇಲೆ ಪ್ರಶ್ನಿಸಿದರು. ಇಲ್ಲಿ ಲಕ್ಷಣಗಳು ಕ್ರಮೇಣ ಇಳಿಯುತ್ತ ಹೋದುವು. ಹತ್ತನೆಯ ತಿಂಗಳಿನಲ್ಲಿಯೂ ಬಿಡುಗಡೆ ಕಾಣದ ಮಕ್ಕಳು ಕೆಲವರು ಉಳಿದರು.

ಒಂದೆಡೆ ಏರಿಕೆ, ಇನ್ನೊಂದೆಡೆ ಇಳಿಕೆ ಏಕೆ? ವಿಪತ್ತುಗಳೂ ಬೇರೆ, ಸಮಾಜಗಳೂ ಬೇರೆ ಎಂಬುದು ನಿಜ. ಆದರೆ ಅಳೆದ ಬಗೆಯೂ ಬೇರೆ ಎಂಬುದನ್ನು ಗಮನಿಸಬೇಕು. ಆಸ್ಟ್ರೇಲಿಯದಲ್ಲಿ ಉತ್ತರ ಕೊಟ್ಟವರು ತಂದೆ ತಾಯಿಗಳು ಮತ್ತು ಉಪಾಧ್ಯಾಯರು, ಫ್ಲಾರಿಡದಲ್ಲಿ ಮಕ್ಕಳೇ. ರಾತ್ರಿ ಕಾಣುವ ಕನಸನ್ನು ಮಗು ಮೊದಲ ದಿನದಿಂದಲೇ ಬಲ್ಲದು. ಹಿರಿಯರು ಕಾಣಬಲ್ಲುದು ನಡತೆಯನ್ನು ಮಾತ್ರ: ಪಾಠದಲ್ಲಿ ಹಿಂದುಳಿಯುವುದು, ಜಗಳ, ಶಾಲೆಗೆ ಹೋಗಲೊಲ್ಲದಿರುವುದು. ಅವು ಹೊರಬೀಳಲು ತಿಂಗಳುಗಳು ಬೇಕಾಗಬಹುದು. ಮನೆ ಕಟ್ಟುವ ಚಿಂತೆಯಲ್ಲಿ ಮುಳುಗಿದ ಹಿರಿಯರಿಗೆ ಅವೂ ಕಾಣದಿರಬಹುದು. ಇಬ್ಬರನ್ನೂ ಕೇಳಬೇಕು, ಬೇರೆ ಬೇರೆಯಾಗಿ ಕೇಳಬೇಕು, ಮತ್ತೆ ಮತ್ತೆ ಕೇಳಬೇಕು ಎಂಬುದೇ ಇದರಿಂದ ದೊರೆಯುವ ನೀತಿ.

ಫ್ಲಾರಿಡದಲ್ಲಿ ಸಂಶೋಧಕರಿಗೆ ಒಂದು ಅನಿರೀಕ್ಷಿತ ಅನುಕೂಲವೂ ಒದಗಿತ್ತು. ಚಂಡಮಾರುತಕ್ಕೆ ಹದಿನೈದು ತಿಂಗಳ ಮೊದಲೇ ಬೇರೊಂದು ಕಾರಣಕ್ಕಾಗಿ ಕೆಲವು ಮಕ್ಕಳನ್ನು ಪರೀಕ್ಷಿಸಿದ್ದರು. ಮೊದಲೇ ಆತಂಕದ ಸ್ವಭಾವವಿದ್ದ ಮಕ್ಕಳು ವಿಪತ್ತಿನಿಂದ ಹೆಚ್ಚು ನೊಂದರೆಂದು ಇದರಿಂದ ತಿಳಿಯಿತು. ವಿಪತ್ತು ಹೇಳಿ ಬರುವುದಿಲ್ಲವಾದ್ದರಿಂದ ಇಂತಹ "ಮೊದಲಿನ ಅಳತೆ" ದೊರೆಯುವುದು ಬಲು ಅಪೂರ್ವ.

ಭಾಷೆಯ ತೊಡಕು

ಉಷ್ಣಮಾಪಕವನ್ನು ಲಂಡನ್ನಿನಿಂದ ಲಿಂಗಸುಗೂರಿಗೆ ತಂದರೂ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ. ಪ್ರಶ್ನಾವಳಿ ಹಾಗಲ್ಲ. "ಒತ್ತಡ" ಎಂಬ ಮಾತು ನಮ್ಮ ಹಳ್ಳಿಯ ಮಗುವಿಗೆ ಕೈಯಿಂದ ಒತ್ತುವುದನ್ನು ಸೂಚಿಸೀತೇ ಹೊರತು ಮನಸ್ಸಿನ ಸ್ಥಿತಿಯನ್ನಲ್ಲ. ಅದು "ಎದೆ ಝಲ್ಲೆನ್ನುತ್ತದೆ", "ಅನ್ನ ಸೇರುವುದಿಲ್ಲ", "ಹೊಟ್ಟೆ ನೋಯುತ್ತದೆ" ಎಂದೀತು. ಇನ್ನು, "ಆ ಸ್ಥಳದಿಂದ ದೂರವಿರುತ್ತೀಯಾ?" ಎಂಬ ಪ್ರಶ್ನೆಯನ್ನು ಬೆಸ್ತರ ಹುಡುಗನಿಗೆ ಹಾಕಿದರೆ ಅವನೇನು ಹೇಳಬೇಕು? ಕಡಲನ್ನು ಬಿಟ್ಟರೆ ಅವನಿಗೆ ಅನ್ನವಿಲ್ಲ. ಅವನು "ಇಲ್ಲ" ಎಂದುದರಿಂದ ಭಯವಿಲ್ಲವೆಂದು ತಿಳಿದು ಸೊನ್ನೆ ಹಾಕಿದರೆ ಅಳತೆ ತಪ್ಪಿದಂತೆಯೇ. ಆದಕಾರಣ ಪ್ರಶ್ನೆಗಳನ್ನು ಒಬ್ಬರು ದೇಶಭಾಷೆಗೆ ತರುತ್ತಾರೆ; ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಮೂಲಭಾಷೆಗೆ ತಿರುಗಿಸುತ್ತಾರೆ. ಎರಡೂ ಹೊಂದಿಕೊಂಡರೆ ಮಾತ್ರ ಬಳಕೆಗೆ ಯೋಗ್ಯ. ಅನಂತರ ಅಲ್ಲಿಯ ಮಕ್ಕಳ ಮೇಲೆಯೇ ಅದನ್ನು ಪರೀಕ್ಷಿಸಿ ನೋಡುತ್ತಾರೆ.

ನಮ್ಮ ದೇಶದಲ್ಲಿಯೂ ಈ ಕೆಲಸ ನಡೆದಿದೆ. ೧೯೯೯ರ ಅಕ್ಟೋಬರ್ ೨೯ರಂದು ಒಡಿಶಾ ಕರಾವಳಿಗೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು ೧೦,೦೦೦ ಜನ ಪ್ರಾಣ ಕಳೆದುಕೊಂಡರು. ಒಂದು ವರ್ಷದ ಮೇಲೆ ನಿಲಮಾಧವ ಕರ್ ಮತ್ತು ಸಂಗಡಿಗರು ೪೪೭ ಮಕ್ಕಳನ್ನೂ ಕಿಶೋರರನ್ನೂ ಪರೀಕ್ಷಿಸಿದಾಗ ನೂರಕ್ಕೆ ೩೦.೬ ಮಂದಿಯಲ್ಲಿ ಆಘಾತೋತ್ತರ ಬೇನೆ ಪೂರ್ಣವಾಗಿ ಕಂಡುಬಂದಿತು, ಇನ್ನೂ ೧೩.೬ ಮಂದಿಯಲ್ಲಿ ಭಾಗಶಃ ಲಕ್ಷಣಗಳಿದ್ದುವು. ಪಾಶ್ಚಾತ್ಯ ದೇಶಗಳಲ್ಲಿ ವರ್ಣಿಸಿದ ಬೇನೆ ನಮ್ಮ ಮಕ್ಕಳಲ್ಲಿಯೂ ಇರುವುದೆಂದು ಇದರಿಂದ ಸ್ಪಷ್ಟವಾಯಿತು. ೨೦೦೪ರ ಡಿಸೆಂಬರ್ ೨೬ರ ಸುನಾಮಿಯ ಮೂರು ನಾಲ್ಕು ವಾರಗಳ ಮೇಲೆ ಶ್ರೀಲಂಕೆಯ ಮೂರು ಕಡೆ ೨೬೪ ಮಕ್ಕಳನ್ನು ಪರೀಕ್ಷಿಸಿದಾಗ, ಪ್ರಮಾಣ ಊರಿಂದ ಊರಿಗೆ ನೂರಕ್ಕೆ ೧೪ರಿಂದ ೩೯ರ ವರೆಗೆ ಬೇರೆಯಾಗಿತ್ತು. ಅಲೆ ಒಂದೇ ಆದರೂ, ಅದನ್ನು ಎಷ್ಟು ಹತ್ತಿರದಿಂದ ಕಂಡರು, ಮನೆಯಲ್ಲಿ ಯಾರನ್ನು ಕಳೆದುಕೊಂಡರು, ಅದಕ್ಕೆ ಮೊದಲೇ ಯುದ್ಧ ಮೊದಲಾದ ಕಷ್ಟಗಳನ್ನು ಎಷ್ಟು ಅನುಭವಿಸಿದ್ದರು ಎಂಬುದರ ಮೇಲೆ ಪರಿಣಾಮ ನಿಂತಿತ್ತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಒಡಿಶಾದ ಚಂಡಮಾರುತ ಮತ್ತು ಸುನಾಮಿಯ ಸಂದರ್ಭಗಳಲ್ಲಿ ಸ್ಥಳೀಯ ಕಾರ್ಯಕರ್ತರಿಗೂ ಉಪಾಧ್ಯಾಯರಿಗೂ ತರಬೇತಿ ಕೊಡುವ ಕೆಲಸದಲ್ಲಿ ಪಾಲ್ಗೊಂಡರು. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ದೇಶದಲ್ಲಿ ಜರಡಿ ಹಿಡಿಯುವ ಕೈ ಊರಿನದೇ ಆಗಿರಬೇಕಷ್ಟೆ.

ಅಳತೆಯಿಂದ ಏನಾಯಿತು?

ಇಷ್ಟೆಲ್ಲ ಅಳೆದು ಪ್ರಯೋಜನವೇನು? ಇದಕ್ಕೆ ಉತ್ತರವಾಗಿ ನಾವು ಮತ್ತೆ ಗ್ಯೂಮ್ರಿ ನಗರಕ್ಕೆ ಹೋಗಬೇಕು. ಭೂಕಂಪವಾಗಿ ಒಂದೂವರೆ ವರ್ಷವಾದ ಮೇಲೆ ಅಲ್ಲಿಯ ಕೆಲವು ಶಾಲೆಗಳಲ್ಲಿ ಮಕ್ಕಳಿಗೆ ಚಿಕ್ಕದೊಂದು ಚಿಕಿತ್ಸೆ ನಡೆಯಿತು. ತರಗತಿಯಲ್ಲಿ ಒಟ್ಟಾಗಿ ನಾಲ್ಕು ಬಾರಿ, ಒಬ್ಬೊಬ್ಬರೊಡನೆ ಸರಾಸರಿ ಎರಡು ಬಾರಿ ಮಾತುಕತೆ, ಅಷ್ಟೇ. ನಡೆದುದನ್ನು ಹೇಳಿಕೊಳ್ಳುವುದು, ನೆನಪನ್ನು ಕೆರಳಿಸುವ ಸಂಗತಿಗಳನ್ನು ಗುರುತಿಸಿ ಅವನ್ನು ಎದುರಿಸುವುದು, ಸತ್ತವರಿಗಾಗಿ ಶೋಕಿಸುವುದು ಇದರ ಸಾರ. ಚಿಕಿತ್ಸೆ ಮಾಡುವವರ ಅಭಾವದಿಂದ ಬೇರೆ ಶಾಲೆಗಳಿಗೆ ಇದು ದೊರೆಯಲಿಲ್ಲ.

ಭೂಕಂಪದ ಮೂರು ವರ್ಷಗಳ ನಂತರ ಚಿಕಿತ್ಸೆ ಪಡೆದ ೩೫ ಹಾಗೂ ಪಡೆಯದ ೨೯ ಮಕ್ಕಳನ್ನು ಅದೇ ಪಟ್ಟಿಯಿಂದ ಮತ್ತೆ ಅಳೆದರು. ಚಿಕಿತ್ಸೆ ಪಡೆದವರ ಆಘಾತದ ಅಂಕ ಇಳಿದಿತ್ತು, ಪಡೆಯದವರದು ಏರಿತ್ತು. ಖಿನ್ನತೆಯಾದರೋ, ಮೊದಲ ಗುಂಪಿನಲ್ಲಿ ಇದ್ದಂತೆಯೇ ಇತ್ತು, ಎರಡನೆಯದರಲ್ಲಿ ಹೆಚ್ಚಿತ್ತು. "ಕಾಲವೇ ಎಲ್ಲವನ್ನೂ ಗುಣಪಡಿಸುತ್ತದೆ" ಎಂಬ ನಾಣ್ಣುಡಿ ಆ ೨೯ ಮಕ್ಕಳ ಪಾಲಿಗೆ ನಿಜವಾಗಲಿಲ್ಲ. ಅಳತೆಗೋಲು ಇಲ್ಲದಿದ್ದರೆ ಈ ವ್ಯತ್ಯಾಸವನ್ನು ಯಾರೂ ಕಾಣುತ್ತಿರಲಿಲ್ಲ.

ಹಾಗೆಂದು ಎದೆಗುಂದಬೇಕಾಗಿಲ್ಲ. ಆಸ್ಟ್ರೇಲಿಯದ ಕಾಳ್ಗಿಚ್ಚಿನ ಅಧ್ಯಯನದ ಮಕ್ಕಳನ್ನು ಇಪ್ಪತ್ತು ವರ್ಷಗಳ ಮೇಲೆ, ಹೋಲಿಕೆಯ ಗುಂಪಿನೊಡನೆ ಸೇರಿಸಿ ಸಾವಿರಕ್ಕೂ ಮಿಕ್ಕ ಮಂದಿಯನ್ನು, ಮತ್ತೆ ಹುಡುಕಿ ವಿಚಾರಿಸಿದಾಗ, ಎರಡು ಗುಂಪುಗಳಿಗೂ ಇದ್ದ ಅಂತರ ಅಲ್ಪವೆಂದು ಕಂಡುಬಂದಿತು. ಬಹುಮಟ್ಟಿಗೆ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದ ಕೆಲವರು ಯಾರು ಎಂಬುದೇ ಪ್ರಶ್ನೆ. ಅದನ್ನು ತಿಳಿಯಲೆಂದೇ ಈ ಮಾಪನ.

ಒಂದು ಎಚ್ಚರಿಕೆಯೂ ಅಗತ್ಯ. ನೆರವು ನೀಡುವ ಏರ್ಪಾಡಿಲ್ಲದೆ ಕಾಗದ ಹಿಡಿದು ಶಿಬಿರಕ್ಕೆ ಹೋಗಿ, ಮಗುವಿನ ಗಾಯವನ್ನು ಕೆದಕಿ, ಅಂಕ ಬರೆದುಕೊಂಡು ಹಿಂದಿರುಗುವುದು ವಿಜ್ಞಾನವೂ ಅಲ್ಲ, ಮನುಷ್ಯತ್ವವೂ ಅಲ್ಲ. ಮೊದಲ ದಿನಗಳಲ್ಲಿ ಮಗುವಿಗೆ ಬೇಕಾದುದು ಪ್ರಶ್ನೆಗಳಲ್ಲ; ಹೊದಿಕೆ, ಊಟ, ತನ್ನವರ ಸಾಮೀಪ್ಯ, ಬೇಗನೆ ತೆರೆಯುವ ಶಾಲೆ.

೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿಯ ಸುತ್ತಣ ಅನೇಕ ಕುಟುಂಬಗಳು ಮಕ್ಕಳೊಡನೆ ಪರಿಹಾರ ಕೇಂದ್ರಗಳನ್ನು ಸೇರಿದುದನ್ನು ವಾಚಕರು ಮರೆತಿರಲಾರರು. ಇಂತಹ ಮಳೆಗಾಲಗಳು ಮುಂದೆಯೂ ಬರುತ್ತವೆ. ಆಗ ತಿಂಗಳು ಕಳೆದ ಮೇಲೆ, ಮತ್ತೆ ಆರು ತಿಂಗಳು ಕಳೆದ ಮೇಲೆ, ಮಳೆಯ ಸದ್ದಿಗೆ ಪುಸ್ತಕ ಮುಚ್ಚಿ ಕಿಟಕಿಯತ್ತ ನೋಡುವ ಮಗು ಯಾವುದೆಂದು ಗಮನಿಸಬಲ್ಲವರು ಆ ಶಾಲೆಯ ಉಪಾಧ್ಯಾಯರೇ. ಅವರು ಬಳಿಗೆ ಕರೆದು, ಮೆಲ್ಲನೆ, ಅದರ ಮಾತಿನಲ್ಲಿಯೇ "ರಾತ್ರಿ ನಿದ್ದೆ ಬರುತ್ತದೆಯೆ?" ಎಂದು ಕೇಳಿ, ಉತ್ತರಕ್ಕಾಗಿ ಕಾಯಬೇಕು, ಬೇಕಾದಲ್ಲಿ ವೈದ್ಯರ ಬಳಿಗೆ ಕಳುಹಿಸಬೇಕು. ಅಂಕಗಳ ಲೆಕ್ಕವೆಲ್ಲ ಆರಂಭವಾಗುವುದು ಈ ಒಂದು ಪ್ರಶ್ನೆಯಿಂದಲೇ.